ಹೊತ್ತು ಮುಳುಗೋದರೊಳಗೆ ಬರುವ ಡಬ್ಬಿ

ಬೆಳಗಿನ ಜಾವ ಬರುತ್ತೇನೆ ಎಂದು ಫೋನ್ ಮಾಡಿದಾಗಲೇ ಬಸವಣ್ಣೆವ್ವ ನನ್ನನ್ನು ತರಾಟೆಗೆ ತೆಗೆದುಕೊಂಡರು. “ಮುಂಜಾನೆ ಬಂದ ಏನ್ ನೋಡ್ತೀರ್ರಿ? ನಾ ಹಲ್ಲ ತಿಕ್ಕೂದ ನೋಡ್ತೀರೇನು? ನನ್ನ ಖರೇ ಕೆಲಸ ಸಂಜಿಗೆ ಐತಿ. ಹೊತ್ತು ಇಳಿಯೂ ಮುಂದ ಬರ್ರಿ.” ನಮ್ಮ ಪತ್ರಿಕೆಯ ಈ ಪುಟದಲ್ಲಿ ಬರುವವರೆಲ್ಲ ಕೋಳಿ ಕೂಗುವ ಮೊದಲೇ ಎದ್ದು ದುಡಿಯಬೇಕು ಎಂಬುದು ನಮ್ಮ ಸಂಪಾದಕರ ಗಟ್ಟಿ ನಂಬಿಕೆ. ಏನು ಮಾಡೋಣ, ಈ ಸಲ ಸೂರ್ಯ ಮುಳುಗುವ ಕಡೆಯಿಂದಲೇ ಶುರು ಮಾಡಬೇಕಾಗಿದೆ.

ಬೆಳಗಾವಿಯ ಅನಗೋಳದ ಹಳೆಯ ಓಣಿ. ಡಬ್ಬಿ ಊಟ ಮಾಡಿಕೊಡುವ ಕಾಂತಕ್ಕನ ಮನೆಯ ಕಟ್ಟೆಯ ಮೇಲೆ ಸ್ಟೀಲಿನ ಡಬ್ಬಿಗಳು ಸಾಲಾಗಿ ಕೂತಿವೆ. ಒಳಗೆ ಜೋಳದ ಭಕ್ರಿ ಬಡಿಯುವ ಸದ್ದು. ಹೊರಗೆ ಬಸವಣ್ಣೆವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಮ್ಮ ಹಳೆಯ ಮೊಪೆಡ್ಡಿನ ಎರಡೂ ಬಾಜು ಚೀಲ ನೇತುಹಾಕಿ, ಡಬ್ಬಿ ತುಂಬುತ್ತಿದ್ದಾರೆ. ಮೊದಲು ಇಳಿಯಬೇಕಾದದ್ದು ಮೇಲೆ, ಕೊನೆಗೆ ಇಳಿಯಬೇಕಾದದ್ದು ತಳಕ್ಕೆ. ಮುಂದಿನ ಜಾಗದಲ್ಲಿ ಎರಡು ಕಾಲುಗಳ ನಡುವೆ ಸಾರಿನ ದೊಡ್ಡ ಕ್ಯಾನು. ವಯಸ್ಸು ಐವತ್ತರ ಆಸುಪಾಸು. ತಲೆಯ ಮೇಲೆ ಮಗ ಬಿಟ್ಟುಕೊಟ್ಟ ಹೆಲ್ಮೆಟ್ಟು. ಹಣೆಯ ವಿಭೂತಿ ಅಳಿಸದಂತೆ ಅದನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಹಾಕಿಕೊಳ್ಳುತ್ತಾರೆ. ಪೊಲೀಸರು ಹಿಡಿದರೆ ಅವರಿಗೂ ಬುದ್ಧಿ ಹೇಳಿ ಬರುವ ಗಟ್ಟಿಗಿತ್ತಿ.

ಕಾಂತಕ್ಕನದು ಜೈನರ ಅಡುಗೆ. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಬಟಾಟೆ ಗಜ್ಜರಿ ಯಾವುದೂ ಒಳಗೆ ಬರುವಂತಿಲ್ಲ. ಅದೇನೂ ಬೆಳಗಾವಿಯಲ್ಲಿ ಹೊಸದಲ್ಲ. ಹೊಸದೆಂದರೆ ಈ ಡಬ್ಬಿಯ ಅವಸರ. ಇಲ್ಲಿನ ಎಷ್ಟೋ ಜೈನ ಮನೆಗಳಲ್ಲಿ ಹಿರಿಯರು ಹೊತ್ತು ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಅದು ಅವರ ನೇಮ. ಮಕ್ಕಳು, ಸೊಸೆಯಂದಿರು ಬ್ಯಾಂಕು, ಕಾಲೇಜು, ಆಫೀಸು ಮುಗಿಸಿ ಬಂದು ಒಲೆ ಹಚ್ಚುವ ಹೊತ್ತಿಗೆ ಬೀದಿದೀಪ ಹತ್ತಿರುತ್ತದೆ. ಹಾಗಾಗಿ ಕಾಂತಕ್ಕ ಹಗಲಿನಲ್ಲೇ ಅಡುಗೆ ಮುಗಿಸುತ್ತಾರೆ, ಬಸವಣ್ಣೆವ್ವ ಹಗಲಿನಲ್ಲೇ ಮುಟ್ಟಿಸುತ್ತಾರೆ. ದಿನಕ್ಕೆ ಮೂವತ್ತರ ಹತ್ತಿರ ಡಬ್ಬಿ. ಅವುಗಳಲ್ಲಿ ಒಂದು ತಡವಾದರೂ ಆ ಮನೆಯ ಹಿರಿಯರು ಆ ರಾತ್ರಿ ಹಸಿದೇ ಮಲಗುತ್ತಾರೆ.

“ಬ್ಯಾರೆ ಡಬ್ಬಿಯವರಿಗೆ ತಡಾ ಆದ್ರ ಗಿರಾಕಿ ಬೈತಾರ,” ಎನ್ನುತ್ತಾರೆ ಬಸವಣ್ಣೆವ್ವ, ಚೀಲದ ಬಾಯಿ ಕಟ್ಟುತ್ತ. “ನಮ್ಮ ಮಂದಿ ಬೈಯೂದಿಲ್ರಿ. ಇರಲಿ ಬಿಡವಾ ಅಂತಾರ, ಉಪಾಸ ಮಲಗತಾರ. ಅದ ಭಾಳ ತ್ರಾಸ ಆಗತೈತಿ ನನಗ. ಬೈದ್ರ ಬೇಶಿ ಇತ್ತು.”

ಇಬ್ಬರೂ ಹೊರಟೆವು. ಅವರು ಮುಂದೆ, ನಾನು ನನ್ನ ಸ್ಕೂಟರಿನಲ್ಲಿ ಹಿಂದೆ. ಬಸವಣ್ಣೆವ್ವ ಗಡಿಯಾರ ನೋಡುವುದಿಲ್ಲ, ಗೋಡೆ ನೋಡುತ್ತಾರೆ. ಬಿಸಿಲು ಯಾವ ಮನೆಯ ಯಾವ ಗೋಡೆಯ ಮೇಲೆ ಎಷ್ಟು ಎತ್ತರಕ್ಕೆ ಏರಿದೆ ಎಂಬುದರ ಮೇಲೆ ಅವರ ಆಕ್ಸಿಲರೇಟರ್ ತಿರುಗುತ್ತದೆ. ರೈಲ್ವೆ ಗೇಟು ಹಾಕಿದ್ದರೆ ಮಾತ್ರ ಎಂಜಿನ್ನಿನವನಿಗೂ ಗೇಟಿನವನಿಗೂ ಸೇರಿಸಿ ಒಂದು ಸಹಸ್ರನಾಮ ನಡೆಯುತ್ತದೆ. ಅದನ್ನು ಇಲ್ಲಿ ಅಚ್ಚು ಮಾಡಲಾಗದು.

ತವರು ಖಾನಾಪುರ ತಾಲ್ಲೂಕಿನ ಹಲಸಿ. ಲಗ್ನವಾಗಿ ಅನಗೋಳಕ್ಕೆ ಬಂದಾಗ ಗಂಡ ಗೌಂಡಿಯಾಗಿ ಗೋಡೆ ಕಟ್ಟುವ ಕೆಲಸ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಬಸವಣ್ಣೆವ್ವ ಕಾಂತಕ್ಕನ ಮನೆಗೆ ಭಕ್ರಿ ಬಡಿಯಲು ಸೇರಿದರು. ಡಬ್ಬಿ ಒಯ್ಯುತ್ತಿದ್ದವನು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟಾಗ, ಕಟ್ಟೆಯ ಮೇಲೆ ಕೂತ ಡಬ್ಬಿಗಳನ್ನು ನೋಡಿ ಕಾಂತಕ್ಕ ಅಳುವುದೊಂದು ಬಾಕಿ. “ನಾ ಒಯ್ತೀನಿ ಅಂದ್ನಿ. ಬಾಯಿ ಮುಂದ ಹೋತು, ಗಾಡಿ ಹೊಡ್ಯಾಕ ಎಲ್ಲಿ ಬರ್ತಿತ್ತು?” ಮೂರು ದಿನ ನಡೆದೇ ಕೊಟ್ಟರು. ನಾಲ್ಕನೆಯ ದಿನ ಗಂಡನ ಮೊಪೆಡ್ ಹಿಡಿದರು. ಮೊದಲ ವಾರದಲ್ಲೇ ಗಟಾರಿನೊಳಗೆ ಬಿದ್ದರು. ಮೊಣಕಾಲು ತರಚಿತ್ತು, ಸೀರೆಯ ತುಂಬ ಮಜ್ಜಿಗೆ ಸಾರು. ಎತ್ತಲು ಬಂದವರಿಗೆ, “ನನ್ನ ಬಿಡ್ರಿ, ಮೊದ್ಲ ಡಬ್ಬಿ ಎತ್ರಿ, ಮುಚ್ಚಳ ಬಿಚ್ಚೇತೇನ ನೋಡ್ರಿ” ಎಂದರಂತೆ. ಈ ಕಥೆ ಹೇಳುವಾಗ ಓಣಿಗೆಲ್ಲ ಕೇಳುವಂತೆ ನಗುತ್ತಾರೆ.

ಅನಗೋಳದಲ್ಲೇ ಇರುವ ಶುಭದಾ ತಾಯಿಯ ಮನೆ ಮೊದಲ ನಿಲ್ದಾಣ. ತಾಯಿ ಎಂದರೆ ನಮ್ಮ ಅಮ್ಮ ಅಲ್ಲ, ಮರಾಠಿಯ ಅಕ್ಕ. ಅವರು ಜೈನರಲ್ಲ. ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದು ನಿವೃತ್ತರಾದವರು, ಹೊಟ್ಟೆಗೆ ಹಗುರ ಎಂದು ಕಾಂತಕ್ಕನ ಡಬ್ಬಿ ತರಿಸುತ್ತಾರೆ. ಬಸವಣ್ಣೆವ್ವ ಗುರು ಎಂದು ಒಪ್ಪುವುದು ಇವರೊಬ್ಬರನ್ನೇ.

ಗುರು ಆದದ್ದು ಹೀಗೆ. ಡಬ್ಬಿ ತರಿಸುವ ಹಿರಿಯರಲ್ಲಿ ಅರ್ಧಕ್ಕರ್ಧ ಜನರಿಗೆ ಸಕ್ಕರೆ ಕಾಯಿಲೆ. ಒಂದು ದಿನ ಶುಭದಾ ತಾಯಿ ಬಸವಣ್ಣೆವ್ವನನ್ನು ಕೂರಿಸಿ ಚಹಾ ಕೊಟ್ಟು ಹೇಳಿದರಂತೆ: ಸಕ್ಕರೆ ಏರುವುದಕ್ಕೇ ಎಲ್ಲರೂ ಹೆದರುತ್ತಾರೆ, ಇಳಿಯುವುದು ಅದಕ್ಕಿಂತ ಅವಸರದ್ದು. ಗುಳಿಗೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಊಟ ತಪ್ಪಿಸಿದರೆ ಮೈಯೊಳಗಿನ ಸಕ್ಕರೆ ಸರ್ರನೆ ಕೆಳಗೆ ಹೋಗುತ್ತದೆ. ಆಗ ತಣ್ಣಗೆ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ತುಟಿ ಜುಮುಜುಮು ಎನ್ನುತ್ತದೆ, ಕಣ್ಣು ಮಂಜಾಗುತ್ತದೆ. ಇನ್ನೂ ಇಳಿದರೆ ಮಾತು ತೊದಲುತ್ತದೆ, ನೆನಪು ತಪ್ಪುತ್ತದೆ, ಇಲ್ಲದ ಸಿಟ್ಟು ಬರುತ್ತದೆ, ಆಮೇಲೆ ಎಚ್ಚರವೇ ಹೋಗುತ್ತದೆ.

“ಘಾಮ ಆಲಾ, ಹಾತ ಕಾಪ್ಲೇ ಕೀ ಆಧೀ ಸಾಖರ ದೇ,” ಎಂದು ಶುಭದಾ ತಾಯಿ ನನ್ನೆದುರೂ ಅದೇ ಪಾಠ ಒಪ್ಪಿಸಿದರು. ಬೆವರು ಬಂತು, ಕೈ ನಡುಗಿತು ಎಂದರೆ ಮೊದಲು ಸಕ್ಕರೆ ಕೊಡು. ನೀರಿಗೆ ಮೂರು ನಾಲ್ಕು ಚಮಚ ಹಾಕಿ ಕುಡಿಸು, ಕಾಲು ತಾಸು ನೋಡು, ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡು, ಆಮೇಲೆ ಉಣ್ಣಿಸು. “ಪಣ ಶುದ್ಧ ನಸೇಲ ತರ ತೋಂಡಾತ ಕಾಹೀ ಘಾಲೂ ನಕೋ,” ಎಂದು ಬೆರಳು ಎತ್ತಿ ಸೇರಿಸಿದರು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡ, ಉಸಿರಿಗೆ ಸಿಕ್ಕೀತು, ಸೀದಾ ದವಾಖಾನೆಗೆ ಒಯ್ಯಿ ಎಂದು.

ಆ ದಿನ ಚಹಾ ಕುಡಿಯುತ್ತ ಈ ಪಾಠ ಕೇಳಿದ ಬಸವಣ್ಣೆವ್ವ ಅಲ್ಲೇ ಗಳಗಳ ಅತ್ತುಬಿಟ್ಟರಂತೆ. ಹಲಸಿಯಲ್ಲಿದ್ದ ಅವರ ಅಪ್ಪ ಮಾಯಪ್ಪನ ನೆನಪಾಗಿತ್ತು. ಮಾಯಪ್ಪನಿಗೂ ಸಕ್ಕರೆ ಕಾಯಿಲೆ ಇತ್ತು. ಬೆಳಿಗ್ಗೆ ಗುಳಿಗೆ ನುಂಗಿ, ಉಣ್ಣದೆ ಭತ್ತ ಕೊಯ್ಯಲು ಹೋದವನು ಮಧ್ಯಾಹ್ನ ತೂರಾಡುತ್ತ ಬಂದ, ತೊದಲಿದ, ಎದುರು ಬಂದವರಿಗೆ ಬೈದ. ಹಬ್ಬ ಹುಣ್ಣಿಮೆಗೆ ಒಂದಿಷ್ಟು ಕುಡಿಯುವ ಮನುಷ್ಯನೇ ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಕುಡಿದದ್ದು ಇಳಿಯಲಿ ಎಂದು ಮರದ ನೆರಳಿಗೆ ಮಲಗಿಸಿ ಹೋದರು. ಸಂಜೆ ಬಂದು ಎಬ್ಬಿಸಿದರೆ ಏಳಲಿಲ್ಲ.

“ಅಂವ ಆವತ್ತ ಕುಡದಿರಲಿಲ್ರಿ,” ಎಂದರು ಬಸವಣ್ಣೆವ್ವ. ಮೊಪೆಡ್ ನಿಲ್ಲಿಸಿ ಹೇಳಿದರು, ಓಡಿಸುತ್ತ ಹೇಳುವ ಮಾತಲ್ಲ ಅದು. “ಮಲಗಿಸಿದವರು ಕೆಟ್ಟ ಮಂದಿ ಅಲ್ಲ, ನಮ್ಮವರ. ನಾ ಅಲ್ಲೇ ಇದ್ರೂ ಹಂಗ ಮಾಡ್ತಿದ್ನಿ. ಗೊತ್ತ ಇರಲಿಲ್ಲ ಯಾರಿಗೂ. ಒಂದ ಹಿಡಿ ಸಕ್ಕರಿ ಅಷ್ಟ. ಈ ತಾಯಿ ಪುಣ್ಯಾತಗಿತ್ತಿ ನನಗ ಹೇಳಿಕೊಟ್ಳು. ಆಕಿ ಕಾಲ ತೊಳದ ನೀರ ಕುಡದ್ರೂ ಋಣಾ ತೀರೂದಿಲ್ಲ.”

ಅಂದಿನಿಂದ ಮೊಪೆಡ್ಡಿನ ಡಿಕ್ಕಿಯಲ್ಲಿ ಸಕ್ಕರೆಯ ಪುಡಿಕೆ ಕಾಯಂ. ಹಲಸಿಗೆ ಹೋಗುವಾಗ ಅದು ಕೈಚೀಲಕ್ಕೆ ಬರುತ್ತದೆ. ಒಮ್ಮೆ ಖಾನಾಪುರದ ಬಸ್ಸಿನಲ್ಲಿ ಒಬ್ಬ ಸೀಟಿನಿಂದ ಜಾರಿ ಬಿದ್ದು ಏನೇನೋ ಒದರುತ್ತಿದ್ದ. ಕುಡಿದಿದ್ದಾನೆ ಇಳಿಸಿ ಎಂದು ಜನ ಗದ್ದಲ ಎಬ್ಬಿಸಿದರು. ಬಸವಣ್ಣೆವ್ವ ನುಗ್ಗಿ ಹೋಗಿ ಅವನ ಬಾಯಿಗೆ ಸಕ್ಕರೆ ಹಾಕಿದರು. ಅವನು ಚಪ್ಪರಿಸಿ ತಿಂದು, ಕಣ್ಣು ಬಿಟ್ಟು, “ಇದರ ಜೋಡಿ ಸ್ವಲ್ಪ ಶೇಂಗಾ ಸಿಗತಾವೇನಕ್ಕಾ?” ಎಂದನಂತೆ. ಖಾಸಾ ಕುಡುಕನೇ! ಬಸ್ಸು ಪೂರ್ತಿ ನಕ್ಕಿತು. ಬಸವಣ್ಣೆವ್ವ ಜಗ್ಗಲಿಲ್ಲ. “ನಗ್ರಿ ನಗ್ರಿ. ಕುಡದಾವಗ ಸಕ್ಕರಿ ತಿನಿಸಿದ್ರ ಏನ ಕೆಡತೈತಿ? ಶುಗರ್ ಇಳದಾವಗ ತಿನಿಸಲಿಲ್ಲ ಅಂದ್ರ ಜೀವಾನ ಹೋಗತೈತಿ,” ಎಂದು ಎಲ್ಲರನ್ನೂ ಸುಮ್ಮನಾಗಿಸಿದರು.

ಚನ್ನಮ್ಮ ವೃತ್ತ ದಾಟಿ, ಕೋಟೆ ಕೆರೆಯ ಬಳಿ ಬಂದಾಗ ಬಸವಣ್ಣೆವ್ವ ಎಡಗೈ ಎತ್ತಿ ರಸ್ತೆಯ ಒಂದು ಜಾಗ ತೋರಿಸಿದರು. ಹೋದ ಡಿಸೆಂಬರಿನಲ್ಲಿ ಮೊಪೆಡ್ ಪಂಕ್ಚರ್ ಆದದ್ದು ಅಲ್ಲೇ. ಚಳಿಗಾಲದ ಹಗಲು ಮೊದಲೇ ಮೋಟು. ಚೀಲದಲ್ಲಿ ಇನ್ನೂ ಐದಾರು ಡಬ್ಬಿ. ತಳದ್ದು ಚೌಗುಲೆ ಸರ್ ಅವರದು.

ಉತ್ತಮ ಚೌಗುಲೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮಹಾಂತೇಶ ನಗರದಲ್ಲಿ ಮಗ ಸೌರಭ, ಸೊಸೆ ಪೂನಮ್ ಜೊತೆ ಇದ್ದಾರೆ. ಇಬ್ಬರೂ ಕೆಲಸಕ್ಕೆ ಹೋಗುವವರು. ಸರ್ ಸಂಜೆಯ ಇನ್ಸುಲಿನ್ ತೆಗೆದುಕೊಳ್ಳುವುದಕ್ಕೆ ಗುರುತು ಒಂದಿತ್ತು: ಎದುರು ಮನೆಯ ಮೇಲಿನ ನೀರಿನ ಟಾಕಿಗೆ ಬಿಸಿಲು ಏರಿತೆಂದರೆ ಇಂಜೆಕ್ಷನ್. ಅಷ್ಟರಲ್ಲಿ ಬಸವಣ್ಣೆವ್ವ ಬಂದೇ ಬರುತ್ತಿದ್ದರು. ವರ್ಷಗಟ್ಟಲೆ ಒಮ್ಮೆಯೂ ತಪ್ಪದ ಆ ಹೊಂದಾಣಿಕೆಯನ್ನು ಸರ್ ಗಡಿಯಾರದಂತೆ ನಂಬಿಬಿಟ್ಟಿದ್ದರು. ಅಂದೂ ಬಿಸಿಲು ಟಾಕಿಗೆ ಏರಿತು, ಸರ್ ಇಂಜೆಕ್ಷನ್ ತೆಗೆದುಕೊಂಡರು, ಸಾಮಾಯಿಕಕ್ಕೆ ಕೂತರು. ಧ್ಯಾನದ ಹೊತ್ತು ಎಂದು ಫೋನಿನ ಸದ್ದು ಬಂದ್ ಮಾಡಿದ್ದರು. ಬಸವಣ್ಣೆವ್ವ ದಾರಿಯಿಂದ ಮಾಡಿದ ಕರೆ ಒಂದೂ ಮುಟ್ಟಲಿಲ್ಲ.

ಪಂಕ್ಚರ್ ತೆಗೆಸಿ, ಉಳಿದ ಮನೆಗಳನ್ನು ಬಿಟ್ಟು ಮೊದಲು ಸರ್ ಮನೆಗೇ ಓಡಿಬಂದರೂ ಹೊತ್ತು ಮುಳುಗಿಯೇ ಹೋಗಿತ್ತು. ಬಾಗಿಲು ತೆಗೆಯಲು ಸರ್‌ಗೆ ಬಹಳ ಹೊತ್ತು ಹಿಡಿಯಿತು. ಒಳಗೆ ಚಿಲಕ ಸಿಗದೆ ತಡಕಾಡುವ ಸದ್ದು. ಡಬ್ಬಿ ಮುಂದೆ ಚಾಚಿದ ಬಸವಣ್ಣೆವ್ವ “ತಪ್ಪಾತ್ರಿ ಸರ್, ಗಾಡಿ ಕೈಕೊಡ್ತು” ಎನ್ನುವುದರೊಳಗೆ ಸರ್ ಒಂದು ಮಾತು ಅಂದರು.

ಆ ಮಾತು ಏನೆಂದು ಬಸವಣ್ಣೆವ್ವ ನನಗೆ ಹೇಳಿದ್ದಾರೆ, ಬರೆಯಬೇಡಿ ಎಂದೂ ಹೇಳಿದ್ದಾರೆ. ಬರೆಯುವುದಿಲ್ಲ. ಮನೆ ಬಾಗಿಲಿಗೆ ಅನ್ನ ತಂದ ಹೆಣ್ಣುಮಗಳಿಗೆ ಯಾರೂ ಅನ್ನಬಾರದ ಮಾತು ಎಂದರೆ ಸಾಕು. ಅಷ್ಟು ಅಂದವರೇ ಬಾಗಿಲು ಧಡಾರನೆ ಹಾಕಿಕೊಂಡರು.

“ಯಾವತ್ತೂ ನನಗ ಏಕವಚನ ಅಂದವರಲ್ಲ ಅವರು. ಬರ್ರಿ, ಕುಂದರ್ರಿ, ನೀರ ಕುಡೀರಿ, ದಿನಾ ಇದ ಮಾತು. ಡಬ್ಬಿ ಕಟ್ಟಿ ಮ್ಯಾಲ ಇಟ್ಟು ಗಾಡಿ ಕಡೆ ನಡದ್ನಿ. ನಾಳಿಯಿಂದ ಈ ಮನಿಗೆ ಕಾಲ ಇಡೂದಿಲ್ಲ ಅಂತ ಮನಸಿನಾಗ ಆಣಿ ಸೈತ ಮಾಡಿದ್ನಿ. ಕಿಕ್ ಹೊಡ್ಯಾಕ ಕಾಲ ಎತ್ತಿದ್ನಿ ನೋಡ್ರಿ, ನಮ್ಮಪ್ಪ ಕಣ್ಣಮುಂದ ಬಂದ. ಅಂವನೂ ಆವತ್ತ ಮಂದಿಗೆ ಬೈಕೋತ ಬಂದಿದ್ನಲ್ಲಾ! ಸರ್‌ದ ಹಣಿ ಬೆವತಿತ್ತು. ಡಿಸೆಂಬರ ಥಂಡಿಯಾಗ ಯಾರ ಬೆವರತಾರ್ರಿ? ಬೈದವರು ಸರ್ ಅಲ್ಲ, ಶುಗರ್ ಅಂತ ಗೊತ್ತಾತು.”

ಗಾಡಿ ಬಿಟ್ಟು ಓಡಿದರು. ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಸರ್ ಕುರ್ಚಿಯಲ್ಲಿ ಒರಗಿದ್ದರು, ಕೈ ಥರಥರ, ಅಂಗಿ ಒದ್ದೆ. ಬಸವಣ್ಣೆವ್ವನನ್ನು ನೋಡಿ ತೀರಿಕೊಂಡ ತಮ್ಮ ಅಕ್ಕನ ಹೆಸರು ಹಿಡಿದು ಕರೆದರು. ಪೂನಮ್‌ಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಕೆಳಗಿಟ್ಟು, ಬಸವಣ್ಣೆವ್ವ ಲೋಟದ ನೀರಿಗೆ ಸಕ್ಕರೆ ಸುರಿದು ಕದಡಿದರು. ತುಟಿಗೆ ಹಿಡಿದರೆ ಸರ್ ಹಲ್ಲು ಕಚ್ಚಿಕೊಂಡರು. ಹೆಸರು ಮರೆತಿತ್ತು, ಮನೆ ಮರೆತಿತ್ತು, ನೇಮ ಮರೆತಿರಲಿಲ್ಲ. “ಹೊತ್ತು ಮುಳುಗೈತಿ,” ಎಂದು ತೊದಲಿದರು. ಮುಖ ತಿರುಗಿಸಿದರು. ಫೋನಿನಲ್ಲಿ ಪೂನಮ್ “ಅಪ್ಪಾಜಿ, ಔಷಧಾ ಅಂತ ಕುಡೀರಿ” ಎಂದು ಅಳುತ್ತಿದ್ದಳು. ಅದು ಅವರ ಕಿವಿಗೇ ಬೀಳಲಿಲ್ಲ.

ಬಸವಣ್ಣೆವ್ವ ಎದ್ದು ಪಡುವಣದ ಕಿಟಕಿ ತೆಗೆದರು. ಸೂರ್ಯ ಹೋಗಿದ್ದ, ಆಕಾಶದಲ್ಲಿ ಕೆಂಪು ಉಳಿದಿತ್ತು. ಸರ್ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಆ ಕಡೆ ತಿರುಗಿಸಿದರು. “ನೋಡ್ರಿ ಸರ್, ಹೊತ್ತು ಇನ್ನೂ ಐತಿ. ಬಿಸಿಲ ಕಾಣವಲ್ದೇನು? ಲಗೂ ಕುಡೀರಿ, ಆಮ್ಯಾಲ ಮುಳುಗತೈತಿ.” ಮಂಜಾದ ಕಣ್ಣಿಗೆ ಕೆಂಪೊಂದು ಕಂಡಿತು. ಸರ್ ಬಾಯಿ ತೆರೆದರು.

ಒಂದು ಲೋಟ, ಸ್ವಲ್ಪ ತಡೆದು ಇನ್ನೊಂದು. ಪೂನಮ್, ಸೌರಭ ಆಟೋ ಹಿಡಿದು ಬರುವ ಹೊತ್ತಿಗೆ ಸರ್ “ಏನಾತು, ಯಾಕ ಇಷ್ಟ ಮಂದಿ?” ಎಂದು ಕೇಳುವಷ್ಟಾಗಿದ್ದರು. ದವಾಖಾನೆಗೆ ಒಯ್ದರು, ಸಲಾಯಿನ್ ಹಚ್ಚಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಇನ್ನು ಮೇಲೆ ಊಟ ಎದುರಿಗೆ ಬಾರದೆ ಇಂಜೆಕ್ಷನ್ ಮುಟ್ಟಬಾರದೆಂದು ತಾಕೀತು ಮಾಡಿದರು.

ಊರೆಲ್ಲ ಹೊಗಳುತ್ತಿದ್ದಾಗ ಬಸವಣ್ಣೆವ್ವನಿಗೆ ಮಾತ್ರ ಅನ್ನ ಇಳಿಯಲಿಲ್ಲ. ಎಷ್ಟೋ ವರ್ಷಗಳಿಂದ ಕಾದುಕೊಂಡು ಬಂದ ನೇಮವನ್ನು ತಾವೊಂದು ಸುಳ್ಳು ಹೇಳಿ ಮುರಿಸಿಬಿಟ್ಟೆ ಎಂಬ ಸಂಕಟ. ಸರ್ ಮನೆಗೆ ಬಂದ ದಿನವೇ ಹೋಗಿ ಕಾಲು ಹಿಡಿದು ಒಪ್ಪಿಕೊಂಡರು: “ಹೊತ್ತು ಮುಳುಗಿತ್ರಿ ಸರ್. ನಾ ಸುಳ್ಳ ಹೇಳೀನಿ. ಪಾಪ ನನಗ ಹತ್ತಲಿ.” ಸರ್ ಅವರನ್ನು ಎಬ್ಬಿಸಿ ಕೂರಿಸಿದರಂತೆ. ಆಮೇಲೆ ಸೌರಭನ ಜೊತೆ ಬಸದಿಗೆ ಹೋಗಿ ಪಂಡಿತರನ್ನು ಕೇಳಿಕೊಂಡು ಬಂದರು. ಜೀವ ಉಳಿಸುವ ಔಷಧಕ್ಕೆ ನೇಮದಲ್ಲಿ ಜಾಗ ಬಿಟ್ಟುಕೊಳ್ಳಿ, ಮನಸ್ಸಿಗೆ ಕಸಿವಿಸಿ ಇದ್ದರೆ ಒಂದು ಜಪಮಾಲೆ ಹೆಚ್ಚು ಎಣಿಸಿ ಎಂದರು ಅವರು. ಸರ್ ಜಪಮಾಲೆ ಎಣಿಸಿದರು. ಬಸವಣ್ಣೆವ್ವ ತಮ್ಮ ಪಾಲಿಗೆ ಶ್ರಾವಣ ಸೋಮವಾರದ ಉಪವಾಸ ಒಂದು ಹೆಚ್ಚಿಗೆ ಹಿಡಿಯುವುದಾಗಿ ಹರಕೆ ಹೊತ್ತರು. ಕೇಳಿ ನನಗೆ ನಗು ಬಂತು, ಕಣ್ಣೂ ತುಂಬಿತು.

ಇದನ್ನೆಲ್ಲ ಅವರು ಹೇಳಿ ಮುಗಿಸಿದ್ದು ಮಹಾಂತೇಶ ನಗರದ ಅದೇ ಗೇಟಿನ ಮುಂದೆ. ಕೊನೆಯ ಡಬ್ಬಿ ತೆಗೆಯುತ್ತಿದ್ದಾಗ, ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ಹೊಸ ಗಾಡಿ ಎನ್ನುತ್ತಾರೆ ಎಂದುಕೊಂಡಿದ್ದೆ. “ಡಿಸೆಂಬರದಾಗ ಹೊತ್ತು ಒಂದ ಹತ್ತ ಮಿನಿಟ ತಡಾ ಮುಳುಗೂವಂಗ ಮಾಡ್ರಿ. ಪೇಪರಿನವರು ನೀವು, ನಿಮ್ಮ ಕೈಯಾಗ ಏನೇನ ಇರತೈತೋ,” ಎಂದರು. ತಮಾಷೆಗೆ ಅಂದದ್ದೋ ಖರೆ ಅಂದದ್ದೋ ಮುಖ ನೋಡಿದರೆ ತಿಳಿಯಲಿಲ್ಲ. ಆಮೇಲೆ ಮೆಲ್ಲಗೆ ಇನ್ನೊಂದು ಸೇರಿಸಿದರು. “ಬರೀರಿ ಬೇಕಾದ್ರ. ಮನಿಯಾಗ ಶುಗರ್ ಇದ್ದವರು ಕಾರಣ ಇಲ್ದ ಬೈದ್ರ ಲಗೂನ ಸಿಟ್ಟ ಆಗಬ್ಯಾಡ್ರಿ. ಮೊದ್ಲ ಹಣಿ ಮುಟ್ಟಿ ನೋಡ್ರಿ. ನಮ್ಮ ಮನಿಯವರಿಗೆ ಶುಗರ್ ಇಲ್ಲ, ಅವರು ಬೈದ್ರ ಖರೇನ ಬೈದಂಗ.”

ಗೇಟಿನ ಸದ್ದಿಗೇ ಒಳಗಿನಿಂದ ದನಿ ಬಂತು. “ಬರ್ರಿ ಬಸವಣ್ಣೆವ್ವಾ, ಕುಂದರ್ರಿ, ನೀರ ಕುಡೀರಿ.” ಚೌಗುಲೆ ಸರ್ ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ತಟ್ಟೆ ಮೇಜಿನ ಮೇಲಿದೆ, ಇಂಜೆಕ್ಷನ್ ಇನ್ನೂ ಪೆಟ್ಟಿಗೆಯಲ್ಲಿದೆ. ಡಬ್ಬಿ ಬಿಚ್ಚಿ ಭಕ್ರಿ, ಹೀರೇಕಾಯಿ ಪಲ್ಯ ಕಣ್ಣಿಗೆ ಕಂಡ ಮೇಲೆಯೇ ಪೆಟ್ಟಿಗೆ ತೆರೆದರು. “ಮಗ ಸೊಸಿ ನನ್ನ ಚೊಲೋ ನೋಡ್ಕೋತಾರ,” ಎಂದರು ನನ್ನ ಕಡೆ ತಿರುಗಿ. “ಆದ್ರ ಆವತ್ತ ಸಂಜಿ ನನ್ನ ಜೀವಾ ಇವರ ಕೈಯಾಗಿತ್ತು. ದಿನಾ ಣಮೋಕಾರ ಮಂತ್ರ ಹೇಳಿ ಮುಗಿಸಿದ ಮ್ಯಾಲ ಇವರ ಹೆಸರ ಒಮ್ಮೆ ನೆನಸ್ತೀನಿ.”

ಬಸವಣ್ಣೆವ್ವ ಮುಜುಗರದಿಂದ ಸೆರಗು ಸರಿಮಾಡಿಕೊಂಡರು. ಸರ್ ಅಷ್ಟಕ್ಕೇ ಬಿಡಲಿಲ್ಲ. ಶುಗರ್ ಇಳಿದಾಗ ನಾಲಿಗೆ ಹಿಡಿತ ತಪ್ಪುತ್ತದೆ ಎಂದು ಡಾಕ್ಟರು ಅವರಿಗೆ ಹೇಳಿದ್ದಾರಂತೆ. ಆ ಸಂಜೆ ಬಾಗಿಲಲ್ಲಿ ಏನಾಯಿತು ಎಂಬುದು ಅವರಿಗೆ ಎಷ್ಟು ತಿಣುಕಿದರೂ ನೆನಪಿಗೆ ಬರುತ್ತಿಲ್ಲ, ಅದೇ ಒಂದು ಕೊರಗು. “ಇವತ್ತರ ಹೇಳ್ರಿ, ಪೇಪರಿನವರು ಬಂದಾರ. ಆವತ್ತ ನಾ ನಿಮಗ ಏನೋ ಅಂದೀನಿ. ಏನ ಅಂದ್ನಿ?”

ಬಸವಣ್ಣೆವ್ವ ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ.

“ಬರ್ರಿ, ಕುಂದರ್ರಿ ಅಂದ್ರಿ,” ಎಂದರು ಬಸವಣ್ಣೆವ್ವ. “ಮತ್ತೇನ ಅಂತೀರ್ರಿ ನೀವು? ದಿನಾ ಅನ್ನೂದ ಆವತ್ತೂ ಅಂದ್ರಿ.”

ಸರ್ ಅವರ ಮುಖವನ್ನು ಒಂದು ಗಳಿಗೆ ದಿಟ್ಟಿಸಿದರು. ನಂಬಲಿಲ್ಲ ಎಂದು ನನಗೂ ಗೊತ್ತಾಯಿತು, ಬಸವಣ್ಣೆವ್ವನಿಗೂ ಗೊತ್ತಾಯಿತು. ಸರ್ ಕೈ ಮುಗಿದರು.

“ಅಯ್ಯ, ಅದೆಲ್ಲಾ ಬಿಡ್ರಿ, ಭಕ್ರಿ ಆರತೈತಿ,” ಎಂದು ಬಸವಣ್ಣೆವ್ವ ಹೆಲ್ಮೆಟ್ ಎತ್ತಿಕೊಂಡರು. “ಲಗೂ ಊಟಾ ಮಾಡ್ರಿ ಸರ್. ಹೊತ್ತು ಇನ್ನೂ ಐತಿ.”

ಗೇಟಿನ ಹೊರಗೆ ಬಂದು ತಲೆ ಎತ್ತಿ ನೋಡಿದೆ. ಎದುರು ಮನೆಯ ಟಾಕಿಯ ಮೇಲೆ ಬಿಸಿಲಿತ್ತು.